ಹಲ್ಲು ಸೆಟ್ಟು: ಕಟ್ಟಿಸುವ ಮೊದಲು, ಕಟ್ಟಿಸಿದ ಮೇಲೆ



ಮರಗಸಿಗೂ ಚಿಗುರು ತೆಗೆಯುವುದಕ್ಕೂ ವರ್ಷವರ್ಷ ತಪ್ಪದೆ ಆಳು ಹಚ್ಚುವ ನಾವು ಬಾಯೊಳಗಿನ ಮೂವತ್ತೆರಡರ ಕಡೆ ಮಾತ್ರ ತಿರುಗಿ ನೋಡುವುದಿಲ್ಲ. ಒಂದೊಂದಾಗಿ ಅಲುಗಾಡಿ ಉದುರಿದ ಮೇಲೆ ಕುಟ್ಟಾಣಿ ಹುಡುಕುತ್ತೇವೆ. ನಮಗೂ ಆದದ್ದು ಅದೇ. ಉಳಿದಿದ್ದ ಎಂಟನ್ನೂ ಕೀಳಿಸಿ ಸೆಟ್ಟು ಕಟ್ಟಿಸಿ ಆರು ವರ್ಷವಾಯಿತು. ಗಟ್ಟಿ ಹಲ್ಲು ಒಂದೆರಡಿದ್ದರೂ ಉಳಿಸಿಕೊಳ್ಳಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿರಿ; ಸೆಟ್ಟಿಗೆ ಅದು ಗೂಟವಿದ್ದಂತೆ.

ಹಲ್ಲು ಕಿತ್ತ ಮೇಲೆ ವಸಡು ಮಾಯಲು ಕೆಲವು ವಾರ ಬೇಕು. ಒಳಗಿನ ಮೂಳೆ ಒಂದು ಹದಕ್ಕೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಆದ್ದರಿಂದ ಕಾಫಿ, ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುವಾಗ ಕೀಳಿಸಿ, ಮಳೆಗಾಲ ಕಳೆದು ಸೆಟ್ಟು ಕಟ್ಟಿಸುವುದು ನಮ್ಮಂಥವರಿಗೆ ಅನುಕೂಲ.

ಸಾಮಾನ್ಯವಾಗಿ ನಾಲ್ಕೈದು ಸಲ ಹೋಗಬೇಕಾಗುತ್ತದೆ. ಮೊದಲು ಬಾಯಿಯ ಅಚ್ಚು. ಅದರ ಮೇಲೆ ನಿಮ್ಮದೇ ಅಳತೆಯ ತಟ್ಟೆ ಮಾಡಿ ಇನ್ನೊಂದು ನಿಖರವಾದ ಅಚ್ಚು. ಬಳಿಕ ಮೇಣದ ದಿಂಡಿಟ್ಟು ದವಡೆಗಳ ಎತ್ತರ, ಕಚ್ಚುವ ರೀತಿ ನೋಡುತ್ತಾರೆ. ನಾಲ್ಕನೆಯದು ಮುಖ್ಯ. ಮೇಣದಲ್ಲಿ ಹಲ್ಲು ಕೂರಿಸಿ ಬಾಯಿಗಿಟ್ಟು ತೋರಿಸುವ ದಿನವದು. ಹಲ್ಲಿನ ಬಣ್ಣ, ಉದ್ದ, ಮಾತಿನ ಸ್ಪಷ್ಟತೆ ಎಲ್ಲವನ್ನೂ ಅಂದೇ ಹೇಳಬೇಕು. ಅಕ್ರಿಲಿಕ್ ಆದ ಮೇಲೆ ಬದಲಾಯಿಸುವುದು ಕಷ್ಟ. ನಾವು ಬಸ್ಸು ತಪ್ಪೀತೆಂದು "ಎಲ್ಲಾ ಸರಿ" ಎಂದು ಎದ್ದು ಬಂದೆವು. ಆಮೇಲೆ "ಸಹಕಾರ ಸಂಘ" ಎಂದಾಗಲೆಲ್ಲ ಬಾಯಿ ಸಿಳ್ಳೆ ಹಾಕತೊಡಗಿತು!

ಮೇಲಿನ ಪಟ್ಟಿ ಅಂಗಳಕ್ಕೆ ಅಂಟಿ ನಿಲ್ಲುವುದು ತೆಳುವಾದ ಜೊಲ್ಲಿನ ಪದರದಿಂದ. ಕೆಳಗಿನದಕ್ಕೆ ಅಷ್ಟು ಜಾಗವಿಲ್ಲ, ನಾಲಿಗೆ ಬೇರೆ ಎತ್ತಿ ಎಸೆಯುತ್ತದೆ. ಕೆಳಗಿನದು ಅಲುಗಿದರೆ ಎಲ್ಲವೂ ವೈದ್ಯರ ತಪ್ಪೆನ್ನಬೇಡಿ. ಮೊದಲ ವಾರಗಳಲ್ಲಿ ಗಂಜಿ, ಮೆತ್ತಗಿನ ಕಡುಬು ಸಾಕು. ಸಣ್ಣ ತುತ್ತನ್ನು ಎರಡೂ ಕಡೆ ಹಂಚಿಕೊಂಡು ಅಗಿಯಿರಿ. ಅಕ್ಕಿ ರೊಟ್ಟಿಗೆ ನಮಗೆ ಎರಡು ತಿಂಗಳು ಬೇಕಾಯಿತು. ಚಕ್ಕುಲಿ ಇಂದಿಗೂ ಮೊಮ್ಮಕ್ಕಳ ಪಾಲು.

ಒತ್ತಿದ ಕಡೆ ಹುಣ್ಣಾಗುವುದು ಸಹಜ. ನಾವು ಪೇಟೆಗೆ ಹೋಗಲು ಬೇಸರಪಟ್ಟು, ಕತ್ತಿ ಮಸೆಯುವ ಅರದಿಂದಲೇ ಅಂಚು ಉಜ್ಜಿ ಹೊಸ ಕೆಳಪಟ್ಟಿಯನ್ನು ಹಾಳು ಮಾಡಿದೆವು. ದುಡ್ಡು ಎರಡನೆಯ ಸಲ ತೆತ್ತೆವು. ನೀವು ಹಾಗೆ ಮಾಡಬೇಡಿ. ವೈದ್ಯರಲ್ಲಿಗೆ ಹೋಗುವ ಹಿಂದಿನ ದಿನ ಸೆಟ್ಟು ಹಾಕಿಕೊಂಡೇ ಇರಿ. ಒತ್ತುವ ಗುರುತು ಅವರಿಗೆ ಕಾಣಬೇಕಲ್ಲ.

ರಾತ್ರಿ ತೆಗೆದು ತಣ್ಣೀರಿನಲ್ಲಿ ಮುಳುಗಿಸಿಡಿ. ಹಗಲು ರಾತ್ರಿ ಹಾಕಿಕೊಂಡೇ ಇದ್ದರೆ ಅಂಗಳ ಕೆಂಪಾಗಿ ಬೂಷ್ಟಿನ ಸೋಂಕು ಹತ್ತುತ್ತದೆ. ಒಣಗಲು ಬಿಡಬಾರದು, ಹಂಡೆಯ ಬಿಸಿನೀರಿಗಂತೂ ಹಾಕಲೇಬಾರದು, ಸೊಟ್ಟಗಾಗುತ್ತದೆ. ಮೆದು ಬ್ರಷ್ಷು, ಸ್ವಲ್ಪ ಸೋಪು ಸಾಕು. ಇದ್ದಿಲು, ಹಲ್ಲುಪುಡಿ ಗೀರು ಹಾಕುತ್ತವೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೇಸಿನ್ನು ಇರಲಿ, ಕೈಜಾರಿದರೂ ಒಡೆಯದು. ದವಡೆಯ ಮೂಳೆ ವರ್ಷವರ್ಷ ಸವೆಯುವುದರಿಂದ ಸೆಟ್ಟು ಸಡಿಲವಾಗುತ್ತದೆ. ಒಳಗಡೆ ಹೊಸ ಪದರ ಕೊಡಿಸಬಹುದು, ಇಲ್ಲವೇ ಹೊಸದು ಕಟ್ಟಿಸಬೇಕು.

ಇನ್ನು ಕವಳದ ಮಾತು. ಅಡಿಕೆ ಮಾರಿ ಬದುಕುವ ನಾವು ಇದನ್ನು ಬರೆಯುವುದು ಮುಜುಗರವೇ. ಆದರೂ ಮುಚ್ಚಿಡಲಾರೆವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ, ಹೊಗೆಸೊಪ್ಪಿಲ್ಲದ ಕವಳವನ್ನೂ ಬರಿಯ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಹೇಳಿದೆ. ಬಹುಕಾಲ ಜಗಿದವರಲ್ಲಿ ಕೆಲವರ ಕೆನ್ನೆಯ ಒಳಭಾಗ ಬಿಗಿದು ಬಾಯಿ ಎರಡು ಬೆರಳಗಲವೂ ತೆರೆಯದಂತಾಗುತ್ತದೆ; ಅಚ್ಚಿನ ತಟ್ಟೆಯೇ ಒಳಗೆ ಹೋಗದು. ಸೆಟ್ಟಿನ ಹುಣ್ಣೆಂದು ಸುಮ್ಮನಿರಬೇಡಿ. ಎರಡು ವಾರದಲ್ಲಿ ಮಾಯದ ಹುಣ್ಣನ್ನೂ, ಬಿಳಿ ಅಥವಾ ಕೆಂಪು ಮಚ್ಚೆಯನ್ನೂ ಕೂಡಲೇ ತೋರಿಸಿ. ಹಲ್ಲಿಲ್ಲದವರೂ ವರ್ಷಕ್ಕೊಮ್ಮೆ ಬಾಯಿ ತೋರಿಸಬೇಕೆನ್ನುವುದು ಇದಕ್ಕಾಗಿಯೇ.

ಖರ್ಚಿನ ಚಿಂತೆಯಿದ್ದವರು ದಂತ ಕಾಲೇಜುಗಳಲ್ಲಿ ವಿಚಾರಿಸಿ. ಬೆಂಗಳೂರಿನ ಸರ್ಕಾರಿ ಕಾಲೇಜು 1958ರದು, ಮಣಿಪಾಲದ್ದು 1965ರದು. ವಿದ್ಯಾರ್ಥಿಗಳು ಹಿರಿಯರ ಕಣ್ಣೆದುರೇ ಮಾಡುವುದರಿಂದ ಹೊತ್ತು ಹಿಡಿದರೂ ಕೆಲಸ ಅಚ್ಚುಕಟ್ಟು.

ನಮ್ಮ ಮನೆಯ ಕುಟ್ಟಾಣಿ ಅಡಿಗೆಮನೆ ಸೇರಿದೆ. ಅದರಲ್ಲೀಗ ಏಲಕ್ಕಿ ಕುಟ್ಟುತ್ತಾರೆ.