ನೋವು ನಿಂತರೂ ಉಳಿಯುವ ಹುಣ್ಣು

ನನ್ನ ತಮ್ಮನಿಗೆ ಕ್ರೋನ್ಸ್ ಕಾಯಿಲೆ ಎಂದು ಡಾಕ್ಟರು ಬರೆದುಕೊಟ್ಟಾಗ ಬೈಲಹೊಂಗಲದ ನಮ್ಮ ಓಣಿಯಲ್ಲಿ ಆ ಹೆಸರು ಕೇಳಿದವರು ಯಾರೂ ಇರಲಿಲ್ಲ. ಆಮೇಲೆ ಒಬ್ಬೊಬ್ಬರೇ ಸಿಕ್ಕರು: ಕಿತ್ತೂರಿನ ಲಾರಿ ಚಾಲಕ, ಸವದತ್ತಿಯ ಕಾಲೇಜು ಹುಡುಗಿ, ರಾಮದುರ್ಗದ ನೇಕಾರ. ಎಲ್ಲರೂ ಬೆಳಗಾವಿ, ಹುಬ್ಬಳ್ಳಿಯ ಆಸ್ಪತ್ರೆಗಳ ಬೆಂಚಿನ ಮೇಲೆ ಪರಿಚಯವಾದವರು. ಎಲ್ಲರ ತೊಡೆಯ ಮೇಲೂ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ವರ್ಷಗಟ್ಟಲೆಯ ಚೀಟಿಗಳು. ಯಾವ ಔಷಧ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಗೊಂದಲ ಎಲ್ಲರಿಗೂ ಒಂದೇ. ಅದಕ್ಕೆ ಊರಿನವರು ಕೊಡುವ ಉತ್ತರಗಳೂ ಒಂದೇ, ಹೆಚ್ಚಿನವು ತಪ್ಪು.

ನಾನು ಡಾಕ್ಟರಲ್ಲ. ತಮ್ಮನ ಫೈಲು ಹಿಡಿದು 11 ವರ್ಷ ಓಡಾಡಿದವನು. ಔಷಧದ ತೀರ್ಮಾನ ಹೊಟ್ಟೆ-ಕರುಳಿನ ತಜ್ಞರ ಮುಂದೆ ಕೂತೇ ಆಗಬೇಕು. ಆದರೆ ಕೂತಾಗ ಏನು ಕೇಳಬೇಕೆಂದು ತಿಳಿಯದೆ ನಾವು ಮೊದಲ ಮೂರು ವರ್ಷ ಹಾಳು ಮಾಡಿಕೊಂಡೆವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು ಈ ಕಾಯಿಲೆಯನ್ನು ವಿವರಿಸಿದರು. ಮೈಯ ರಕ್ಷಣಾ ಪಡೆಯೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಹುಣ್ಣು ಒಳಪದರಕ್ಕೆ ನಿಲ್ಲದೆ ಗೋಡೆಯ ಆಳಕ್ಕೆ ಇಳಿಯುತ್ತದೆ. ವರ್ಷಗಳು ಕಳೆದಂತೆ ಆ ಜಾಗ ಗಟ್ಟಿಯಾಗಿ ಕರುಳು ಕಿರಿದಾಗಬಹುದು, ತೂತು ಬೀಳಬಹುದು, ಗುದದ ಬಳಿ ಕೀವು ಸೋರುವ ದಾರಿಗಳಾಗಬಹುದು. ಬೇರುಸಹಿತ ಕೀಳುವ ಔಷಧ ಇನ್ನೂ ಇಲ್ಲ. ವರ್ಷಗಟ್ಟಲೆ ತಣ್ಣಗಿಡುವ ಔಷಧಗಳಿವೆ.

"ಇದು ಟಿಬಿ ಐತಿ. ಆರ್ ತಿಂಗಳ ಕೋರ್ಸ್ ಮಾಡಿದ್ರ ಮುಗೀತು"

ಟಿಬಿ ಇರಲೂಬಹುದು. ನಮ್ಮ ರೋಗಿಯ ದಾರಿ ಇಂಗ್ಲೆಂಡಿನ ರೋಗಿಯ ದಾರಿಯಿಂದ ಬೇರೆಯಾಗುವುದು ಇಲ್ಲೇ. ಕರುಳಿನ ಕ್ಷಯವೂ ಕ್ರೋನ್ಸ್‌ನ ಹಾಗೆಯೇ ಸಣ್ಣ ಕರುಳು ದೊಡ್ಡ ಕರುಳಿಗೆ ಕೂಡುವ ಜಾಗವನ್ನೇ ಹೆಚ್ಚಾಗಿ ಹಿಡಿಯುತ್ತದೆ. ಅದೇ ಜ್ವರ, ಅದೇ ಭೇದಿ, ಹಾಗೇ ತೂಕ ಇಳಿಯುತ್ತದೆ. ಕೊಲೊನೋಸ್ಕೋಪಿಯಲ್ಲಿ ಹುಣ್ಣು ಕಂಡವರಿಗೂ, ತುಣುಕು ತೆಗೆದು ಪರೀಕ್ಷಿಸಿದವರಿಗೂ ಎಷ್ಟೋ ಸಲ ಇದು ಯಾವುದೆಂದು ಹೇಳಲಾಗುವುದಿಲ್ಲ. ಆಗ ಟಿಬಿ ಔಷಧ ಕೊಟ್ಟು ನೋಡುವುದು ಭಾರತದಲ್ಲಿ ರೂಢಿಯಲ್ಲಿರುವ ಕ್ರಮ. ಅದರಲ್ಲಿ ತಪ್ಪಿಲ್ಲ. ತಪ್ಪಾಗುವುದು ಕೊಟ್ಟ ಮೇಲೆ ತಿರುಗಿ ನೋಡದಿದ್ದಾಗ. ಎರಡು ಮೂರು ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡಬೇಕು. ಟಿಬಿಯ ಹುಣ್ಣಾದರೆ ಸಾಮಾನ್ಯವಾಗಿ ಅಷ್ಟರಲ್ಲಿ ಮಾಯುತ್ತದೆ. ಕ್ರೋನ್ಸ್ ಆದರೆ ರೋಗಿಗೆ ಮೈ ಹಗುರ ಅನ್ನಿಸಿದರೂ ಹುಣ್ಣು ಇದ್ದಲ್ಲೇ ಇರುತ್ತದೆ.

ಈ ಎರಡನೇ ನೋಟ ಬೇಕೆಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ತಮ್ಮನಿಗೆ ಒಂದು ಕೋರ್ಸ್ ಮುಗಿದು ಎರಡನೆಯದು ನಡೆದಿತ್ತು, ಒಳಗೆ ಕರುಳು ಕಿರಿದಾಗುತ್ತ ಹೋಗಿತ್ತು. ಇದರ ತಿರುವುಮುರುವೂ ಅಪಾಯವೇ. ಟಿಬಿ ಇದ್ದವರಿಗೆ ಕ್ರೋನ್ಸ್ ಎಂದು ಬಗೆದು ಸ್ಟಿರಾಯ್ಡ್ ಕೊಟ್ಟರೆ ಟಿಬಿ ಮೈಯೆಲ್ಲ ಹರಡಬಹುದು.

"ಆ ಗುಳಗಿ ಹತ್ತೈತಿ, ಅದನ್ನ ನಡಸೂಣು"

ಹತ್ತಿದ್ದು ಪ್ರೆಡ್ನಿಸೊಲೋನ್. ಒಂದೇ ವಾರದಲ್ಲಿ ತಮ್ಮನ ನೋವು ನಿಂತಿತು, ಹಸಿವು ಬಂತು. ಆ ವರ್ಷ ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋದಾಗ ಬೀಗರೆಲ್ಲ ಅವನ ಗಲ್ಲ ಹಿಡಿದು "ಈಗ ಮೈ ಹಿಡದಾನ ನೋಡ್ರಿ" ಅಂದರು. ಅವ್ವನ ಕಣ್ಣಲ್ಲಿ ನೀರು. ತುಂಬಿಕೊಂಡಿದ್ದ ಆ ದುಂಡು ಮುಖ ಸ್ಟಿರಾಯ್ಡಿನ ಅಡ್ಡಪರಿಣಾಮ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಸ್ಟಿರಾಯ್ಡ್ ಹೊತ್ತಿದ ಬೆಂಕಿಯನ್ನು ಆರಿಸುತ್ತದೆ, ಅದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಕಾಯಿಲೆ ಮರಳದಂತೆ ಕಾಯುವುದಿಲ್ಲ, ಹುಣ್ಣನ್ನು ಮಾಯಿಸುವುದೂ ಅಪರೂಪ. ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಮಿನಿಂದ ಶುರುಮಾಡಿ, ಹಂತಹಂತವಾಗಿ ಇಳಿಸಿ, ಎರಡು ಮೂರು ತಿಂಗಳಲ್ಲಿ ನಿಲ್ಲಿಸುತ್ತಾರೆ. ಕಾಯಿಲೆ ಹೆಚ್ಚಿಲ್ಲದೆ ಆ ಕೂಡುಜಾಗಕ್ಕಷ್ಟೇ ಸೀಮಿತವಾಗಿದ್ದರೆ, ಮೈಗೆ ಕಡಿಮೆ ತಟ್ಟುವ ಬುಡೆಸೊನೈಡ್ ಸಾಕಾಗಬಹುದು. ಹಳೇ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಲ್ಲಿ ಪ್ರೆಡ್ನಿಸೊಲೋನ್ ತಗೊಂಡು ವರ್ಷಗಟ್ಟಲೆ ನುಂಗಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ವಾರಗಟ್ಟಲೆ ತಗೊಂಡದ್ದನ್ನು ಒಮ್ಮೆಲೇ ಬಿಟ್ಟರೂ ಜೀವಕ್ಕೆ ಕುತ್ತು. ಒಂದೇ ವರ್ಷದಲ್ಲಿ ಎರಡನೇ ಸಲ ಸ್ಟಿರಾಯ್ಡ್ ಬೇಕಾಯಿತೆಂದರೆ, ಅಥವಾ ಇಳಿಸಿದಾಗೆಲ್ಲ ನೋವು ಮರಳಿತೆಂದರೆ, ಚಿಕಿತ್ಸೆಯನ್ನೇ ಬದಲಿಸುವ ಹೊತ್ತು ಬಂದಿದೆ ಎಂದು ತಿಳಿಯಬೇಕು.

"ಅದು ಕ್ಯಾನ್ಸರಿನ ಗುಳಗಿ ಅಂತ"

ಸ್ಟಿರಾಯ್ಡ್ ಇಳಿಸಿದ ಮೇಲೆ ಕಾಯಿಲೆ ಮರಳದಂತೆ ಕಾಯಲು ಕೊಡುವ ಗುಳಿಗೆ ಅಜಥಯೋಪ್ರಿನ್. ಅದರ ಹೆಸರನ್ನು ಮೊಬೈಲಿನಲ್ಲಿ ಹುಡುಕಿದವರೆಲ್ಲ ಹೀಗೆ ಹೆದರುತ್ತಾರೆ. ನಮ್ಮ ಮನೆಯಲ್ಲಿ ಹೆದರಿ ನಿಲ್ಲಿಸಿಯೇಬಿಟ್ಟೆವು. ಗೆರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಕಂಡುಹಿಡಿದ ಔಷಧ ಇದು. 1988ರ ನೊಬೆಲ್ ಪ್ರಶಸ್ತಿ ಅವರ ಇಂಥ ಕೆಲಸಕ್ಕೇ ಸಂದಿತು. ಕಿಡ್ನಿ ಕಸಿ ಮಾಡಿಸಿಕೊಂಡವರು ದಶಕಗಳಿಂದ ತಗೊಳ್ಳುತ್ತಿದ್ದಾರೆ. ಲಿಂಫೋಮಾ ಎಂಬ ಕ್ಯಾನ್ಸರಿನ ಅಪಾಯ ಇದರಿಂದ ಸ್ವಲ್ಪ ಏರುವುದು ನಿಜ: ವರ್ಷಕ್ಕೆ 10,000 ಮಂದಿಯಲ್ಲಿ ಬೆರಳೆಣಿಕೆಯಷ್ಟು. ಔಷಧವಿಲ್ಲದೆ ಬಿಟ್ಟ ಕ್ರೋನ್ಸ್ ಮಾಡುವ ಹಾನಿಯನ್ನೂ ಅದರ ಪಕ್ಕದಲ್ಲಿಟ್ಟು ತೂಗಬೇಕು.

ಇದರಲ್ಲಿ ಹೆದರಬೇಕಾದ್ದು ಬೇರೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ನಮ್ಮವರಲ್ಲಿ ಕೆಲವರಿಗೆ ಎನ್‌ಯುಡಿಟಿ15 ಎಂಬ ಜೀನಿನ ವ್ಯತ್ಯಾಸದಿಂದ ಈ ಗುಳಿಗೆ ಶುರುವಾದ ಕೆಲವೇ ವಾರಗಳಲ್ಲಿ ಕೂದಲು ಗೊಂಚಲಾಗಿ ಉದುರಿ, ಬಿಳಿ ರಕ್ತಕಣ ಕುಸಿಯುತ್ತದೆ. ಸಾಧ್ಯವಾದರೆ ಮೊದಲೇ ಆ ಪರೀಕ್ಷೆ ಮಾಡಿಸಬೇಕು. ಮಾಡಿಸಿದರೂ ಬಿಟ್ಟರೂ ಡಾಕ್ಟರು ಹೇಳಿದ ದಿನವೇ ರಕ್ತ ಕೊಡಬೇಕು, ಮೊದಲ ಎರಡು ತಿಂಗಳಂತೂ ತಪ್ಪಿಸಲೇಬಾರದು. ರಕ್ತಕಣ ಎಣಿಸುವ ಈ ಸಿಬಿಸಿ ಪರೀಕ್ಷೆಗೆ ಬೆಳಗಾವಿಗೆ ಹೋಗಬೇಕಿಲ್ಲ, ತಾಲ್ಲೂಕಿನಲ್ಲೇ ಆಗುತ್ತದೆ. ಯೂರಿಕ್ ಆಮ್ಲ ಇಳಿಸಲು ಅಲೋಪ್ಯೂರಿನಾಲ್ ಯಾರಾದರೂ ಬರೆದುಕೊಟ್ಟರೆ ಅಜಥಯೋಪ್ರಿನ್ ತಗೊಳ್ಳುತ್ತಿರುವುದನ್ನು ಬಾಯಿಬಿಟ್ಟು ಹೇಳಬೇಕು. ಎರಡೂ ಕೂಡಿದರೆ ವಿಷ. ಇನ್ನೊಂದು ಮಾತು, ಈ ಗುಳಿಗೆ ಕೆಲಸಕ್ಕೆ ಇಳಿಯಲು ಎರಡು ಮೂರು ತಿಂಗಳು ಬೇಕು. ಹದಿನೈದು ದಿನ ನೋಡಿ "ಹತ್ತಲಿಲ್ಲ" ಎಂದು ಬಿಟ್ಟವರನ್ನು ನಾನೇ ಬಲ್ಲೆ.

"ಮೊದಲ ಹಗೂರ ಔಷಧ ನೋಡೂಣು, ಜೋರಿಂದು ಕಡೀಗೆ"

ಕೇಳಲು ಶಾಣ್ಯಾತನದ ಮಾತು. ಹಗುರ ಎಂದು ಕೊಡುವ ಮೆಸಲಮೈನ್ ಅಲ್ಸರೇಟಿವ್ ಕೊಲೈಟಿಸ್ ಎಂಬ ಸೋದರ ಕಾಯಿಲೆಗೆ ಒಳ್ಳೆಯದು. ಸಣ್ಣ ಕರುಳಿನ ಕ್ರೋನ್ಸ್‌ಗೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಕಂಡುಬಂದಿಲ್ಲ. ಹೀಗೆ ಕಾಯುತ್ತ ಕೂತ ಕಾಲದಲ್ಲೇ ಕರುಳು ಕೆಡುತ್ತದೆ. ಬ್ರಿಟನ್ನಿನಲ್ಲಿ ಹೊಸದಾಗಿ ಕ್ರೋನ್ಸ್ ಪತ್ತೆಯಾದ 386 ಜನರ ಮೇಲೆ ನಡೆದ ಪ್ರೊಫೈಲ್ ಅಧ್ಯಯನದ ಫಲಿತಾಂಶ 2024ರಲ್ಲಿ ಬಂತು. ಮೊದಲಿಗೇ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಜೋರಿನ ಇಂಜೆಕ್ಷನ್ ಮತ್ತು ಜೊತೆಗೊಂದು ಗುಳಿಗೆ ಪಡೆದವರಲ್ಲಿ ಶೇಕಡಾ 79 ಮಂದಿ ವರ್ಷವಿಡೀ ಚೆನ್ನಾಗಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಔಷಧ ಏರಿಸಿಕೊಂಡು ಹೋದವರಲ್ಲಿ ಶೇಕಡಾ 15 ಮಾತ್ರ.

ಆದರೆ ಅಲ್ಲಿ ಖರ್ಚು ಸರ್ಕಾರದ್ದು. ನಮ್ಮಲ್ಲಿ ಕಬ್ಬಿನ ಬಿಲ್ಲು ಬರುವುದು ವರ್ಷಕ್ಕೊಮ್ಮೆ, ಅದೇ ಬಗೆಯ ಇನ್ನೊಂದು ಇಂಜೆಕ್ಷನ್ ಅಡಾಲಿಮ್ಯಾಬ್ ಚುಚ್ಚುವುದು ಎರಡು ವಾರಕ್ಕೊಮ್ಮೆ. ಇನ್‌ಫ್ಲಿಕ್ಸಿಮ್ಯಾಬ್ ಸಲಾಯನ್ನಿನ ಹಾಗೆ ಏರಿಸುವುದು: ಮೊದಲ ದಿನ, ಎರಡನೇ ವಾರ, ಆರನೇ ವಾರ, ಆಮೇಲೆ ಎಂಟು ವಾರಕ್ಕೊಮ್ಮೆ. ದುಡ್ಡಿದ್ದಾಗ ತಗೊಂಡು ಇಲ್ಲದಾಗ ಬಿಟ್ಟರೆ ಮೈ ಆ ಔಷಧದ ವಿರುದ್ಧವೇ ಪ್ರತಿಕಾಯ ಮಾಡಿಕೊಳ್ಳುತ್ತದೆ. ಮುಂದಿನ ಸಲ ಅದು ನಾಟದೆ ಹೋಗಬಹುದು, ಏರಿಸುವಾಗಲೇ ಅಲರ್ಜಿ ಆಗಬಹುದು. ಅದಕ್ಕೆ ನನ್ನ ಸಲಹೆ: ಶುರುಮಾಡುವ ಮುನ್ನ ಪೂರ್ತಿ ಒಂದು ವರ್ಷದ ಲೆಕ್ಕವನ್ನು ಡಾಕ್ಟರ ಎದುರು ನಾಚಿಕೆ ಬಿಟ್ಟು ಹೇಳಿ. ಅಹಮದಾಬಾದಿನ ಝೈಡಸ್ 2014ರ ಡಿಸೆಂಬರಿನಲ್ಲಿ ಅಡಾಲಿಮ್ಯಾಬಿನ ಬಯೋಸಿಮಿಲರ್, ಅಂದರೆ ಮೂಲವನ್ನು ಹೋಲುವ ಔಷಧ, ತಂದಿತು, ಜಗತ್ತಿನಲ್ಲೇ ಮೊದಲು. ಇಂಥ ದೇಶೀ ಔಷಧ ಮೂಲದ್ದಕ್ಕಿಂತ ಅಗ್ಗ, ಕೆಲಸ ಅದೇ.

ಈ ಇಂಜೆಕ್ಷನ್ನುಗಳಿಗೂ ಟಿಬಿಗೂ ನಂಟಿದೆ. ಮೈಯೊಳಗೆ ಟಿಬಿ ಕ್ರಿಮಿಯನ್ನು ಕಟ್ಟಿಹಾಕಿರುವ ಬೇಲಿಯನ್ನು ಇವು ಸಡಿಲಿಸುತ್ತವೆ. ಅದಕ್ಕೇ ಮೊದಲ ಡೋಸಿಗೂ ಮುನ್ನ ಎದೆಯ ಎಕ್ಸ್‌ರೇ, ಮಾಂಟೂ ಇಲ್ಲವೇ ಇಗ್ರಾ ಪರೀಕ್ಷೆ, ಹೆಪಟೈಟಿಸ್ ಬಿ, ಎಚ್‌ಐವಿ ನೋಡಲೇಬೇಕು. ಪರೀಕ್ಷೆ ಸರಿ ಬಂದರೂ ಮುಂದೆ ಸಂಜೆ ಜ್ವರ, ರಾತ್ರಿ ಬೆವರು, ಕೆಮ್ಮು ಬಂದರೆ ಊರಿನಲ್ಲಿ ಜ್ವರದ ಸೂಜಿ ಹಾಕಿಸಿಕೊಂಡು ಕೂರಬಾರದು. ವೆಡೋಲಿಜುಮ್ಯಾಬ್ ಎಂಬ ಬೇರೊಂದು ಇಂಜೆಕ್ಷನ್ ಹೆಚ್ಚಾಗಿ ಕರುಳಿನಲ್ಲೇ ಕೆಲಸ ಮಾಡುವುದರಿಂದ ಅದರಲ್ಲಿ ಈ ಅಪಾಯ ಕಡಿಮೆ. ಟಿಬಿ ಆಗಿಹೋದವರು ಅದರ ಬಗ್ಗೆ ಕೇಳಬೇಕು.

ಅಡಾಲಿಮ್ಯಾಬ್ ಪೆನ್ನು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತರುವಾಗ ನಾನು ಥರ್ಮೋಕೋಲ್ ಡಬ್ಬಿಯಲ್ಲಿ ಐಸ್‌ಪ್ಯಾಕ್ ಇಟ್ಟು, ಅದರ ಮೇಲೆ ಟವೆಲ್ ಮಡಚಿ ಹಾಕಿ, ಆಮೇಲೆ ಪೆನ್ನಿನ ಪೆಟ್ಟಿಗೆ ಇಡುತ್ತೇನೆ. ಐಸ್ ನೇರ ತಾಗಿ ಔಷಧ ಹೆಪ್ಪುಗಟ್ಟಿದರೆ ಚೆಲ್ಲಬೇಕಷ್ಟೆ. ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಇಡುವುದಿಲ್ಲ, ನಡುವಿನ ಹಲಗೆಗೆ ಇಡುತ್ತೇವೆ, ಮೊಸರಿನ ಪಾತ್ರೆಯ ಹಿಂದೆ. ಚುಚ್ಚುವ ಅರ್ಧ ತಾಸು ಮುಂಚೆ ಹೊರಗೆ ತೆಗೆದರೆ ಉರಿ ಕಡಿಮೆ.

"ಆಪರೇಷನ್ ಅಂದ್ರ ಎಲ್ಲಾ ಮುಗದಂಗ"

ಸಣ್ಣ ಕರುಳಿನ ಕೊನೆಯ ತುಸು ಭಾಗವಷ್ಟೇ ಕೆಟ್ಟಿದ್ದರೆ ಆಪರೇಷನ್ ಕೂಡ ಒಂದು ಆಯ್ಕೆಯೇ. 2017ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ ಅಂಥವರಿಗೆ ದುರ್ಬೀನು ಶಸ್ತ್ರಚಿಕಿತ್ಸೆ ಇನ್‌ಫ್ಲಿಕ್ಸಿಮ್ಯಾಬಿಗೆ ಸರಿಸಮನಾಗಿ ನಿಂತಿತು. ವರ್ಷವಿಡೀ ಇಂಜೆಕ್ಷನ್ ಖರ್ಚು ತಾಳಲಾರದ ಮನೆಯವರು ಇದನ್ನು ಮೊದಲೇ ಕೇಳಬೇಕು. ತಮ್ಮನಿಗೆ ಕರುಳು ಪೂರ್ತಿ ಕಟ್ಟಿ, ಹಸಿರು ವಾಂತಿ ಶುರುವಾದ ಮೇಲೆ ನಡುರಾತ್ರಿ ಮಾಡಿಸಬೇಕಾಯಿತು. ಕತ್ತರಿಸಿ ಹೊಲಿದ ಜಾಗದಲ್ಲೇ ಕಾಯಿಲೆ ಮರಳುವುದು ಸಾಮಾನ್ಯ, ಹಾಗಾಗಿ ಆರು ತಿಂಗಳಿನಿಂದ ವರ್ಷದೊಳಗೆ ಮತ್ತೆ ನೋಡಬೇಕು.

"ಖಾರ ಬಿಟ್ರ ಔಷಧ ಬ್ಯಾಡ"

ಖಾರದಿಂದ ಕ್ರೋನ್ಸ್ ಬರುವುದಿಲ್ಲ, ಖಾರ ಬಿಟ್ಟರೆ ಹೋಗುವುದೂ ಇಲ್ಲ. ಜೋಳದ ರೊಟ್ಟಿ ತಿನ್ನಬಹುದು. ಕರುಳು ಕಿರಿದಾಗಿದ್ದವರು ಮಾತ್ರ ರೊಟ್ಟಿಯ ಜೊತೆ ಕಚ್ಚಿಕೊಳ್ಳುವ ಹಸಿ ಮೆಂತ್ಯ, ಮೂಲಂಗಿ ಸೊಪ್ಪಿನಂಥ ನಾರಿನ ಪದಾರ್ಥ ಬಿಡಬೇಕು, ಸಿಕ್ಕಿಕೊಳ್ಳುತ್ತವೆ. ನಿಜವಾಗಿ ಬಿಡಬೇಕಾದ್ದು ಬೀಡಿ-ಸಿಗರೇಟು. ಕೀಲುನೋವಿಗೆ ಹಾಕಿಸಿಕೊಳ್ಳುವ ಡೈಕ್ಲೋಫಿನಾಕ್ ಸೂಜಿಯಿಂದಲೂ ದೂರವಿರಬೇಕು. ಆ ಕೀಲುನೋವೇ ಕ್ರೋನ್ಸ್‌ನ ಭಾಗವಾಗಿರಬಹುದು, ಆ ಸೂಜಿ ಕರುಳನ್ನು ಕೆರಳಿಸಬಹುದು.

"ಈ ಔಷಧ ತಗೊಂಡ್ರ ಮಕ್ಕಳಾಗೂದಿಲ್ಲ"

ಸವದತ್ತಿಯ ಆ ಹುಡುಗಿಯ ತಾಯಿ ಲಗ್ನ ಗೊತ್ತಾದ ಕೂಡಲೇ ಎಲ್ಲ ಗುಳಿಗೆ ನಿಲ್ಲಿಸಿದರು. ನಿಲ್ಲಿಸಲೇಬೇಕಾದ್ದು, ಕೆಲವರಿಗೆ ಕೊಡುವ ಮೆಥೊಟ್ರೆಕ್ಸೇಟ್ ಇದ್ದರೆ ಅದನ್ನು, ಗರ್ಭ ಧರಿಸುವ ಮೂರು ತಿಂಗಳಾದರೂ ಮುಂಚೆ. ಅಜಥಯೋಪ್ರಿನ್, ಅಡಾಲಿಮ್ಯಾಬ್ ಸಾಮಾನ್ಯವಾಗಿ ಬಸಿರಿನಲ್ಲೂ ಮುಂದುವರಿಯುತ್ತವೆ, ಏಕೆಂದರೆ ಕೆರಳಿದ ಕಾಯಿಲೆಯೇ ಮಗುವಿಗೆ ಹೆಚ್ಚು ಅಪಾಯ. ಬಸಿರಿನಲ್ಲಿ ಅಡಾಲಿಮ್ಯಾಬ್ ಅಥವಾ ಇನ್‌ಫ್ಲಿಕ್ಸಿಮ್ಯಾಬ್ ಪಡೆದಿದ್ದರೆ ಹೆರಿಗೆ ವಾರ್ಡಿನಲ್ಲಿ ಅದನ್ನು ಹೇಳಬೇಕು. ನಮ್ಮಲ್ಲಿ ಹುಟ್ಟಿದ ಕೂಡಲೇ ಹಾಕುವ ಬಿಸಿಜಿ ಜೀವಂತ ಲಸಿಕೆ, ಅದನ್ನು ಆ ಮಗುವಿಗೆ ಆರು ತಿಂಗಳಾದರೂ ಮುಂದೂಡಬೇಕಾಗುತ್ತದೆ.

"ನೋವ ನಿಂತೈತಿ, ಇನ್ನ ಯಾಕ ತಪಾಸಣಿ?"

ಕಳೆದ ಶ್ರಾವಣಕ್ಕೆ ತಮ್ಮನಿಗೆ ನೋವಿಲ್ಲದೆ ನಾಲ್ಕು ವರ್ಷ. ರೊಟ್ಟಿ ಉಣ್ಣುತ್ತಿದ್ದ, ಹೊಲಕ್ಕೆ ಹೋಗುತ್ತಿದ್ದ. ಕರುಳಿನ ಉರಿಯೂತ ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯಲ್ಲಿ ಅಂಕಿ ಏರಿದೆ, ಕೊಲೊನೋಸ್ಕೋಪಿ ಮಾಡೋಣ ಎಂದು ಡಾಕ್ಟರು ಅಂದಾಗ ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಅವನೇ ಹಟ ಹಿಡಿದು ಹೋದ. ಟಿವಿಯ ಪರದೆಯ ಮೇಲೆ ಹೊಲಿಗೆ ಹಾಕಿದ ಜಾಗದ ಆಚೆ ಐದಾರು ಹುಣ್ಣು, ಜೋಳದ ಕಾಳಿನಷ್ಟು, ಬಿಳಿ. ಎರಡು ವಾರಕ್ಕೊಮ್ಮೆ ಇದ್ದ ಇಂಜೆಕ್ಷನ್ ಈಗ ವಾರಕ್ಕೊಂದು. ಚೈತ್ರದಲ್ಲಿ ಮತ್ತೆ ಒಳಗೆ ನೋಡುತ್ತಾರೆ.