ಸ್ವಂತ ಮನೆಯ ಲೆಕ್ಕ



2011ರ ಜನಗಣತಿಯಂತೆ ಭಾರತದ ಹಳ್ಳಿಗಳಲ್ಲಿ ನೂರಕ್ಕೆ 94.7 ಕುಟುಂಬಗಳು ಸ್ವಂತ ಮನೆಯಲ್ಲಿದ್ದವು, ಪಟ್ಟಣಗಳಲ್ಲಿ 69.2 ಮಾತ್ರ. ಹಾಗಾದರೆ ಹಳ್ಳಿಗರಿಗೆ ಮನೆಯ ಅಡಚಣೆಯೇ ಇಲ್ಲವೆಂದು ತಿಳಿಯಬೇಡಿರಿ. ಇಲ್ಲಿ ಎಣಿಸುವುದು ತಲೆಗಳನ್ನಲ್ಲ, ಒಲೆಗಳನ್ನು. ಇಕ್ಕಟ್ಟಾದ ಎರಡು ಕೋಣೆಗಳಲ್ಲಿ ನಾಲ್ವರು ಅಣ್ಣತಮ್ಮಂದಿರು ಸಂಸಾರ ಸಮೇತ ಕೂಡಿ ಉಂಡರೆ ಅದು ಒಂದೇ ಕುಟುಂಬ, ಮನೆ ಸ್ವಂತದ್ದು. ಸೋರುವ ಗುಡಿಸಲೂ ತಮ್ಮದಾಗಿದ್ದರೆ ಸ್ವಂತದ್ದೇ. ಸಾಲದ ಕಂತು ಬಾಕಿಯಿದ್ದರೂ ಅಷ್ಟೇ. ಊರಲ್ಲಿ ಮನೆಯಿದ್ದೂ ಪುಣೆಯಲ್ಲಿ ಬಾಡಿಗೆ ಕೋಣೆ ಹಿಡಿದು ಬೇರೆ ಒಲೆ ಹೂಡಿದ ನಿಮ್ಮ ಮಗ ಮಾತ್ರ ಬಾಡಿಗೆದಾರರ ಸಾಲಿಗೆ! ಪಟ್ಟಣದ ಅಂಕಿ ಇಳಿಯಲು ಇಂಥವರೂ ಕಾರಣ.

ಇಕ್ಕಟ್ಟು ತಿಳಿಯಬೇಕಾದರೆ ಅದೇ ಗಣತಿಯಲ್ಲಿ ಕೇಳಿದ್ದ ಕೋಣೆಗಳ ಹಾಗೂ ದಂಪತಿಗಳ ಸಂಖ್ಯೆ ನೋಡಬೇಕು. ಗಣತಿದಾರರು ಬಂದಾಗ ಇವೆರಡನ್ನು ಸರಿಯಾಗಿ ಬರೆಸಿರಿ.