ನಿದ್ದೆಗೆಟ್ಟ ಕಾರಿನ ಕರೆಂಟ್ ಬಿಲ್

ವರ್ಷಕ್ಕೆ 10 ಸಾವಿರ ಕಿಲೋಮೀಟರ್ ಓಡುವ ಎಲೆಕ್ಟ್ರಿಕ್ ಕಾರಿಗೆ ಹೆಚ್ಚುಕಡಿಮೆ 1,500 ಯೂನಿಟ್ ಕರೆಂಟ್ ಬೇಕು. ಮನೆಯ ಗೋಡೆಗೆ ಹಾಕಿಸಿದ 7 ಕಿಲೋವ್ಯಾಟ್ ಚಾರ್ಜರ್ ಪೆಟ್ಟಿಗೆಯಿಂದ ಇಷ್ಟನ್ನು ತುಂಬಲು 215 ಗಂಟೆ ಸಾಕು. ವರ್ಷಕ್ಕಿರುವುದು 8,760 ಗಂಟೆ. ಉಳಿದ ಎಂಟೂವರೆ ಸಾವಿರ ಗಂಟೆ ಆ ಪೆಟ್ಟಿಗೆ ಏನು ಮಾಡುತ್ತಿರುತ್ತದೆ? ಕಾಯುತ್ತಿರುತ್ತದೆ. ಕಾಯುವುದಕ್ಕೂ ಅದಕ್ಕೆ ಕರೆಂಟ್ ಬೇಕು.

ಪೆಟ್ಟಿಗೆಯೊಳಗೆ ಒಂದು ರಿಲೇ, ಸೋರಿಕೆ ಪತ್ತೆಹಚ್ಚುವ ಸರ್ಕ್ಯೂಟ್, ದೀಪ, ವೈ-ಫೈ ಇವೆಲ್ಲ ಇರುತ್ತವೆ. ಕೇಬಲ್ಲಿನ ದಪ್ಪ ತಂತಿಗಳ ಜತೆ ಪೈಲಟ್ ಎಂಬ ತೆಳು ತಂತಿಯೂ ಸಾಗುತ್ತದೆ. ಕಾರು ಸಿಕ್ಕಿಸದಿದ್ದಾಗ ಅದರಲ್ಲಿ 12 ವೋಲ್ಟ್ ಇರುತ್ತದೆ. ಸಿಕ್ಕಿಸಿದೊಡನೆ 9 ವೋಲ್ಟಿಗೆ ಇಳಿಯುತ್ತದೆ, ಕಾರು ತಾನು ತಯಾರು ಎಂದಾಗ 6ಕ್ಕೆ ಬರುತ್ತದೆ. ಆಮೇಲಷ್ಟೇ ರಿಲೇ ಟಕ್ಕೆಂದು ಕೂಡಿಕೊಂಡು 230 ವೋಲ್ಟ್ ಹರಿಯುತ್ತದೆ. ಚಾರ್ಜಿಂಗ್ ಗನ್ ಕೈಗೆತ್ತಿಕೊಂಡರೂ ಶಾಕ್ ಹೊಡೆಯದಿರಲು ಇದೇ ಕಾರಣ. ಯಾರಾದರೂ ಬಂದು ಸಿಕ್ಕಿಸಿದರೇ ಎಂದು ಹಗಲಿರುಳು ನೋಡುತ್ತಿರುವ ಈ ಕೆಲಸಕ್ಕೆ ಕೆಲವೇ ವ್ಯಾಟ್ ಸಾಕು.

5 ವ್ಯಾಟ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ 44 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯಂತೆ 260 ರೂಪಾಯಿ ಚಿಲ್ಲರೆ. ಮನೆ ಮುಳುಗುವ ಖರ್ಚೇನಲ್ಲ. ಆದರೆ ಇಂಥ 10 ಲಕ್ಷ ಪೆಟ್ಟಿಗೆಗಳು ಸುಮ್ಮನೆ ಕೂತಿದ್ದರೆ 5 ಮೆಗಾವ್ಯಾಟ್ ಸದಾ ಹರಿಯುತ್ತಿರಬೇಕಾಗುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸಲು ಶುರುಮಾಡಿದಾಗ ಶಿವನಸಮುದ್ರದ ಇಡೀ ಕೇಂದ್ರದ ಸಾಮರ್ಥ್ಯವೇ ಇದಕ್ಕಿಂತ ಕಡಿಮೆ ಇತ್ತು. ಅಮೆರಿಕದ ಎನರ್ಜಿ ಸ್ಟಾರ್ ಯೋಜನೆ 2016ರ ಕೊನೆಯಿಂದ ಕಾರು ಚಾರ್ಜರುಗಳಿಗೂ ಮಿತವ್ಯಯದ ಮುದ್ರೆ ಒತ್ತುತ್ತಿರುವುದು ಮುಖ್ಯವಾಗಿ ಈ ಕಾರಣಕ್ಕೆ. ಅದರ ಮುದ್ರೆ ಪಡೆದವು ಕಾಯುವಾಗ ಸುಮಾರು ಶೇ 40ರಷ್ಟು ಕಡಿಮೆ ಕರೆಂಟ್ ಎಳೆಯುತ್ತವೆ.

ಇಷ್ಟಾದರೂ, ಪೆಟ್ಟಿಗೆಯನ್ನು ಬೈಯುವ ಮೊದಲು ಕಾರಿನ ಕಡೆ ನೋಡುವುದು ಒಳ್ಳೆಯದು. ದೊಡ್ಡ ಪೋಲು ಅಲ್ಲಿದೆ. ಎಸಿಯನ್ನು ಡಿಸಿಯಾಗಿ ಬದಲಿಸುವ ಸಲಕರಣೆ ಕಾರಿನ ಒಳಗಿರುತ್ತದೆ. ಬ್ಯಾಟರಿ ತುಂಬುತ್ತಿರುವಷ್ಟು ಹೊತ್ತೂ ಅದರ ಜತೆಗೆ ಬ್ಯಾಟರಿ ಕಾಯುವ ಕಂಪ್ಯೂಟರ್, ಶೀತಕ ಹರಿಸುವ ಪಂಪು, 12 ವೋಲ್ಟಿನ ಪುಟ್ಟ ಬ್ಯಾಟರಿಯನ್ನು ಪೋಷಿಸುವ ಕನ್ವರ್ಟರ್ ಎಲ್ಲವೂ ಎಚ್ಚರವಾಗಿರಬೇಕು. ಇವೆಲ್ಲ ಸೇರಿ ಅನೇಕ ಕಾರುಗಳಲ್ಲಿ 100ರಿಂದ 300 ವ್ಯಾಟ್ ಎಳೆಯುತ್ತವೆ. ಚಾರ್ಜಿಂಗ್ ನಿಧಾನವಾಗಲಿ, ಬೇಗವಾಗಲಿ, ಗಂಟೆಗಿಷ್ಟು ಎಂಬ ಈ ಬಾಡಿಗೆ ಹೆಚ್ಚುಕಡಿಮೆ ಅಷ್ಟೇ.

250 ವ್ಯಾಟ್ ಹಿಡಿದು 30 ಯೂನಿಟ್ ತುಂಬುವ ಲೆಕ್ಕ ಹಾಕೋಣ. 7 ಕಿಲೋವ್ಯಾಟ್‌ನಲ್ಲಿ ನಾಲ್ಕೂಕಾಲು ಗಂಟೆ ಹಿಡಿಯುತ್ತದೆ. ಬಾಡಿಗೆ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು. ನಮ್ಮ 16 ಆಂಪಿಯರ್ ಪ್ಲಗ್ಗಿನಲ್ಲಿ 3 ಕಿಲೋವ್ಯಾಟ್ ಸಿಕ್ಕರೆ 10 ಗಂಟೆ, ಎರಡೂವರೆ ಯೂನಿಟ್. ಅಮೆರಿಕದ 120 ವೋಲ್ಟ್ ಸಾಕೆಟ್ಟಿನಲ್ಲಾದರೆ 21 ಗಂಟೆ ದಾಟಿ, ಐದು ಯೂನಿಟ್ಟಿಗೂ ಮೀರಿದ್ದು ಬ್ಯಾಟರಿಗೆ ತಲುಪುವುದೇ ಇಲ್ಲ. ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ ಅಳೆದು ನೋಡಿದಾಗ, ರೆನೊ ಜೋಯಿ ಕಾರು ಮನೆಯ ಮಾಮೂಲಿ ಸಾಕೆಟ್ಟಿನಲ್ಲಿ ಸುಮಾರು ಕಾಲು ಭಾಗ ಕರೆಂಟನ್ನು ಕಳೆಯಿತು. ಗೋಡೆಯ ಪೆಟ್ಟಿಗೆಯಲ್ಲಿ ನಷ್ಟ ಶೇ 10ರೊಳಗೆ ನಿಂತಿತು. ಕರೆಂಟ್ ಹೆಚ್ಚಿದಂತೆ ತಂತಿ ಬಿಸಿಯಾಗಿ ಹೋಗುವ ಪಾಲೂ ಹೆಚ್ಚುತ್ತದೆ ನಿಜ, ಆದರೆ ಸರಿಯಾದ ದಪ್ಪದ ತಂತಿ ಎಳೆಸಿದ್ದರೆ ಅದು ಸಣ್ಣ ಬಾಬತ್ತು. ಪ್ಲಗ್-ಇನ್ ಹೈಬ್ರಿಡ್‌ಗಳ ಕಥೆ ಬೇರೆ. ಅವುಗಳಲ್ಲಿ ಬಹುಪಾಲಿಗೆ ಒಳಗಿನ ಚಾರ್ಜರೇ ಮೂರು ಮೂರೂವರೆ ಕಿಲೋವ್ಯಾಟಿನದು. 7 ಕಿಲೋವ್ಯಾಟ್ ಪೆಟ್ಟಿಗೆ ಹಾಕಿಸಿದರೂ ನಮ್ಮ 16 ಆಂಪಿಯರ್ ಪ್ಲಗ್ಗಿಗಿಂತ ಹೆಚ್ಚೇನೂ ಹೊತ್ತು ಉಳಿಯುವುದಿಲ್ಲ.

ಬ್ಯಾಟರಿ ತುಂಬಿದ ಮೇಲೆ ಕಾರು ಮಲಗಬೇಕು. ಮಲಗಲು ಬಿಡದವರು ನಾವೇ. ಚಾರ್ಜ್ ಎಷ್ಟಾಯಿತೆಂದು ಆ್ಯಪ್ ತೆರೆದಾಗಲೆಲ್ಲ ಕೆಲವು ಕಾರುಗಳು ಎದ್ದು ಕೂರುತ್ತವೆ. ಟೆಸ್ಲಾದ ಸೆಂಟ್ರಿ ಮೋಡ್ ಸುತ್ತಲಿನ ಮೇಲೆ ಕ್ಯಾಮೆರಾ ಕಣ್ಣಿಟ್ಟಿರಲು ಹಳೆಯ ಕಾರುಗಳಲ್ಲಿ 250 ವ್ಯಾಟಿನಷ್ಟು ತಿನ್ನುತ್ತಿತ್ತು. ದಿನಕ್ಕೆ 6 ಯೂನಿಟ್, ಅಂದರೆ ನಿಂತಲ್ಲೇ 40 ಕಿಲೋಮೀಟರ್ ಪ್ರಯಾಣ! ಬೀಗ ಹಾಕಿದ ಗ್ಯಾರೇಜಿನಲ್ಲಿ ಅದಕ್ಕೆ ಕೆಲಸವಿಲ್ಲ.

ಪ್ಲಗ್ಗಿಗೆ ಸಿಕ್ಕಿಸುವ ಚಾರ್ಜರುಗಳ ಮಟ್ಟಿಗೆ ನಮಗೊಂದು ಅನುಕೂಲವಿದೆ. ಅಮೆರಿಕದ ಸಾಕೆಟ್ಟುಗಳಿಗೆ ಸಾಮಾನ್ಯವಾಗಿ ಸ್ವಿಚ್ಚೇ ಇರುವುದಿಲ್ಲ, ನಮ್ಮಲ್ಲಿ ಪ್ಲಗ್ಗಿನ ಪಕ್ಕದಲ್ಲೇ ಇರುತ್ತದೆ. 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ ಕಾರನ್ನು 15 ಆಂಪಿಯರ್ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸುತ್ತಿದ್ದರು. ಸ್ವಿಚ್ ಆರಿಸಿದರೆ ಕಾಯುವವರು ಯಾರೂ ಉಳಿಯುತ್ತಿರಲಿಲ್ಲ. ಈಗಲೂ ಸ್ಕೂಟರಿನ ಅಡಾಪ್ಟರ್ ಆಗಲಿ, ಕಾರಿನ ಜತೆ ಬರುವ ಪೋರ್ಟಬಲ್ ಚಾರ್ಜರ್ ಆಗಲಿ, ಕೆಲಸ ಮುಗಿದ ಮೇಲೆ ಸ್ವಿಚ್ ಆರಿಸಿದರೆ ಪೋಲು ಪೂರ್ತಿ ಸೊನ್ನೆ. ಆದರೆ ತುಂಬುತ್ತಿರುವಾಗಲೇ ಆರಿಸಬಾರದು. ಅಷ್ಟು ಕರೆಂಟ್ ಹರಿಯುವಾಗ ಸ್ವಿಚ್ಚಿನೊಳಗೆ ಕಿಡಿ ಹಾರಿ ಸಂಪರ್ಕ ಸುಟ್ಟುಹೋಗಬಹುದು. ಮೊದಲು ಕಾರಿನಲ್ಲಿ ಚಾರ್ಜಿಂಗ್ ನಿಲ್ಲಿಸಿ, ಆಮೇಲೆ ಸ್ವಿಚ್.

ಬೇಸಿಗೆಯಲ್ಲಿ ಮಾತ್ರ ಕೈ ತಡೆದು ಕಾರಿನ ಕೈಪಿಡಿ ನೋಡಬೇಕು. ಷೆವರ್ಲೆ ವೋಲ್ಟ್ ಎಂಬ ಪ್ಲಗ್-ಇನ್ ಹೈಬ್ರಿಡ್‌ನ ಕೈಪಿಡಿ, ಉಷ್ಣಾಂಶ 32 ಡಿಗ್ರಿ ದಾಟಿದಾಗ ಬ್ಯಾಟರಿ ತುಂಬಿದ್ದರೂ ಪ್ಲಗ್ ತೆಗೆಯಬೇಡಿ ಎನ್ನುತ್ತದೆ. ಕಾರು ಗೋಡೆಯ ಕರೆಂಟಿನಲ್ಲೇ ಬ್ಯಾಟರಿಯನ್ನು ತಣ್ಣಗಿಟ್ಟುಕೊಳ್ಳುತ್ತದೆ. ನಿಮ್ಮ ಕಾರಿಗೂ ಅಂಥ ವ್ಯವಸ್ಥೆ ಇದ್ದರೆ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಖರ್ಚಾಗುವ ಆ ಕರೆಂಟು ಪೋಲಿನ ಲೆಕ್ಕಕ್ಕೆ ಬರುವುದಿಲ್ಲ.